ಕಲ್ಲಿನ ಕಪ್ಪು, ಹಿಮದ ಕಪ್ಪು

ಮೇ ತಿಂಗಳ ಮಧ್ಯಾಹ್ನ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯ ಗುಡ್ಡಗಳನ್ನು ನೋಡಿದವರಿಗೆ ಅಲ್ಲಿ ಜೀವವಿದೆ ಅನ್ನಿಸುವುದಿಲ್ಲ. ಗಾಳಿಯೇ 42 ಡಿಗ್ರಿ ಕಾದಿರುತ್ತದೆ, ಬೋಳು ಬಂಡೆಯ ಮೈ 60ರ ಹತ್ತಿರ ಹೋಗಿರುತ್ತದೆ. ಕುರಿ ಕಾಯುವವರು ಜಾಲಿಮರದ ನೆರಳು ಹಿಡಿದಿರುತ್ತಾರೆ. ಆ ಬಂಡೆಗಳ ನೆತ್ತಿಯಿಂದ ಬುಡದವರೆಗೆ ಇಳಿದ ಕಪ್ಪು ಪಟ್ಟೆಗಳನ್ನು ನಾವೆಲ್ಲ ನೋಡಿದ್ದೇವೆ. ಮಳೆನೀರಿನ ಕಲೆ ಎಂದುಕೊಂಡವರೇ ಹೆಚ್ಚು, ಹಳೆಯ ಹೊಗೆಯ ಮಸಿ ಎನ್ನುವವರೂ ಇದ್ದಾರೆ. ಆ ಕಪ್ಪು ಬಹುಮಟ್ಟಿಗೆ ಜೀವಂತ. ನೀಲಿ-ಹಸಿರು ಪಾಚಿ ಎಂದು ಶಾಲೆಯಲ್ಲಿ ಕಲಿತ, ಈಗ ಸೈಯನೋಬ್ಯಾಕ್ಟೀರಿಯಾ ಎಂದು ಕರೆಸಿಕೊಳ್ಳುವ ಸೂಕ್ಷ್ಮಜೀವಿಗಳು ಕಲ್ಲಿಗೆ ಅಂಟಿ ಕೂತು ಮಾಡಿಕೊಂಡ ತೆಳು ಹೊದಿಕೆ ಅದು. ಮಳೆ ಬಂದಾಗ ನೀರು ಹರಿದು ಹೋಗುವ ದಾರಿಯಲ್ಲಿ ಕಲ್ಲು ಹೆಚ್ಚು ಹೊತ್ತು ಒದ್ದೆಯಾಗಿರುತ್ತದೆ. ಅವು ಬೆಳೆಯುವುದು ಅಲ್ಲೇ. ಅದಕ್ಕೇ ಅದು ಪಟ್ಟೆಯಾಗಿ ಕಾಣುತ್ತದೆ.

ಇದೇ ಕುಲದ ಜೀವಿಗಳು ಗ್ರೀನ್‌ಲೆಂಡಿನ ಮಂಜುಗಡ್ಡೆಯ ಮೇಲೆ, ಆಲ್ಪ್ಸ್‌ನಲ್ಲಿ, ಹಿಮಾಲಯದ ಹಿಮನದಿಗಳ ಬೆನ್ನ ಮೇಲೆ ಕೂತಿವೆ. ರಾಯಚೂರಿನವರ ಮುಂದೆ ಹಿಮನದಿಯ ಮಾತು ತೆಗೆಯುವುದು ತುಸು ಧೈರ್ಯದ ಕೆಲಸ ಎಂದು ಗೊತ್ತು. ಆದರೆ ಹಿಮದ ಮೇಲಿನ ಈ ಬದುಕನ್ನು ಅರ್ಥ ಮಾಡಿಕೊಳ್ಳಲು ಸ್ವಿಟ್ಜರ್ಲೆಂಡಿನವರಿಗಿಂತ ನಮಗೇ ಹೆಚ್ಚು ಅನುಕೂಲವಿದೆ ಎನ್ನುವುದು ನನ್ನ ವಾದ. ಸೂಕ್ಷ್ಮಜೀವಿಯ ಕಣ್ಣಿನಿಂದ ನೋಡಿದರೆ ಬೋಳು ಬಂಡೆಯೂ ಹಿಮನದಿಯೂ ಒಂದೇ ಓಣಿಯ ಮನೆಗಳು. ಎರಡೂ ಕಡೆ ಬಿಸಿಲು ಧಾರಾಳ, ತಲೆಯ ಮೇಲೆ ಮರೆಯಿಲ್ಲ, ತಿನ್ನಲು ಏನೂ ಇಲ್ಲದಷ್ಟು ಕಡಿಮೆ. ಕುಡಿಯುವ ನೀರಂತೂ ಎರಡೂ ಕಡೆ ದುರ್ಲಭ. ಬಂಡೆಯ ಮೇಲೆ ನೀರೇ ಇಲ್ಲ, ಹಿಮದ ಮೇಲೆ ನೀರೆಲ್ಲ ಗಡ್ಡೆಕಟ್ಟಿದೆ. ಒಣಗುವುದೂ ಹೆಪ್ಪುಗಟ್ಟುವುದೂ ಜೀವಕೋಶಕ್ಕೆ ಹೆಚ್ಚುಕಡಿಮೆ ಒಂದೇ ಕಷ್ಟ. ಒಂದನ್ನು ತಾಳಿಕೊಳ್ಳಲು ಕಲಿತದ್ದು ಇನ್ನೊಂದನ್ನೂ ತಾಳಿಕೊಳ್ಳುತ್ತದೆ.

ನಮ್ಮ ಬಂಡೆಯ ಮೇಲಿನದು ಹೇಗೆ ತಾಳಿಕೊಳ್ಳುತ್ತದೆ? ವರ್ಷದ ಬಹುಪಾಲು ಒಣಗಿ, ಕೆಲಸ ನಿಲ್ಲಿಸಿ ಕೂತಿರುತ್ತದೆ. ಸುತ್ತ ಲೋಳೆಯಂಥ ಕವಚ, ಆ ಕವಚದೊಳಗೆ ಕಂದುಬಣ್ಣದ ಒಂದು ವಸ್ತು. ಅದರ ಹೆಸರು ಸೈಟೊನೆಮಿನ್. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳನ್ನು ಅದು ಹೀರಿಕೊಂಡು, ಒಳಗಿನ ಹಸಿರು ಸುಟ್ಟುಹೋಗದಂತೆ ತಡೆಯುತ್ತದೆ. ಗುಡ್ಡದ ಕಪ್ಪು ಪಟ್ಟೆಯ ಬಣ್ಣ ಬಹುಪಾಲು ಈ ಕೊಡೆಯದೇ. ಮೊದಲ ಮಳೆ ಬಿದ್ದ ಕೆಲವೇ ನಿಮಿಷಗಳಲ್ಲಿ ಉಸಿರಾಟ ಶುರುವಾಗುತ್ತದೆ, ಆಮೇಲೆ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಕೆಲಸ, ಸಾರಜನಕ ಹಿಡಿಯುವ ಕೆಲಸ ಇನ್ನೂ ತಡವಾಗಿ. ಒಡಿಶಾದ ಉತ್ಕಲ ವಿಶ್ವವಿದ್ಯಾಲಯದ ಎಸ್. ಪಿ. ಅಧಿಕಾರಿಯವರು ಮತ್ತು ಅವರ ಜೊತೆಗಾರರು ಭುವನೇಶ್ವರ, ಪುರಿ, ಕೋಣಾರ್ಕದ ದೇವಾಲಯಗಳ ಕಲ್ಲಿನ ಮೇಲಿನ ಕಪ್ಪನ್ನು ವರ್ಷಗಟ್ಟಲೆ ಹೀಗೇ ಪರೀಕ್ಷಿಸಿದ್ದಾರೆ. ಉಜ್ಜಿ ತೊಳೆದರೂ ಕೆಲವು ಮಳೆಗಾಲದಲ್ಲಿ ಮತ್ತೆ ಬರುತ್ತದೆ. 1294ರಲ್ಲಿ ಕಾಕತೀಯರ ಕಾಲಕ್ಕೆ ಕಟ್ಟಿದ ರಾಯಚೂರು ಕೋಟೆಯ ಗೋಡೆಗಳನ್ನು ನೋಡಿ, ತೊಳೆಸಿದರೆ ಹೊಸದಾಗುತ್ತಿತ್ತು ಎಂದು ಹೇಳುವವರಿಗೆ ಈ ಮಾತು ತಿಳಿದಿರಲಿ.

ಈಗ ಹಿಮದ ಕಡೆ ಹೋಗೋಣ. 1870ರಲ್ಲಿ ಸ್ವೀಡನ್ನಿನ ಅಡಾಲ್ಫ್ ಎರಿಕ್ ನಾರ್ಡೆನ್‌ಶೆಲ್ಡ್ ಎಂಬ ಶೋಧಕ ಗ್ರೀನ್‌ಲೆಂಡಿನ ಹಿಮದ ಮೇಲೆ ನಡೆದು ಹೋದ. ಬಿಳಿ ಬಯಲನ್ನು ನಿರೀಕ್ಷಿಸಿದ್ದವನಿಗೆ ಕಂಡದ್ದು ತೂತು ತೂತಾದ ನೆಲ. ಕೊಳವೆ ಕೊರೆದಂತೆ ನೆಟ್ಟಗೆ ಇಳಿದ ಕುಳಿಗಳು, ಅವುಗಳಲ್ಲಿ ತಿಳಿನೀರು, ನೀರಿನ ತಳದಲ್ಲಿ ಕಪ್ಪು ಹರಳಿನಂಥ ಕೆಸರು. ಗುಡ್ಡದ ಮೇಲೆ ಬಂಡೆಯ ನಡುವೆ ಮಳೆನೀರು ನಿಲ್ಲುವ ದೊಣೆ ನಮಗೆ ಹೊಸತಲ್ಲವಲ್ಲ, ಇದು ಹಿಮದಲ್ಲಿನ ದೊಣೆ. ನಮ್ಮ ದೊಣೆ ಸಾವಿರಾರು ವರ್ಷ ತೆಗೆದುಕೊಂಡು ಆಗಿದ್ದು, ಆ ದೊಣೆ ಕೆಲವೇ ದಿನಗಳಲ್ಲಿ ಆಗಿಬಿಡುತ್ತದೆ. ಆ ಕೆಸರಿಗೆ ಅವನು ಕ್ರಯೊಕೊನೈಟ್ ಎಂದು ಹೆಸರಿಟ್ಟ. ಆಕಾಶದಿಂದ ಬಿದ್ದ ಧೂಳು ಅದರಲ್ಲಿರಬೇಕು ಎಂಬ ಗುಮಾನಿ ಅವನದು. ಜೊತೆಗಿದ್ದ ಸಸ್ಯವಿಜ್ಞಾನಿ ಸ್ವೆನ್ ಬರ್ಗ್‌ಗ್ರೆನ್ ಅದರಲ್ಲಿ ಪಾಚಿಯನ್ನು ಕಂಡ. ಹಿಮದ ಮೇಲೆಯೇ ಕಂದುಬಣ್ಣದಲ್ಲಿ ಹರಡಿದ್ದ ಇನ್ನೊಂದು ಪಾಚಿಗೆ ತನ್ನ ನಾಯಕನ ಹೆಸರನ್ನೇ ಸೇರಿಸಿದ: ಆನ್ಸಿಲೊನೀಮಾ ನಾರ್ಡೆನ್‌ಶೆಲ್ಡಿ.

ಅದಕ್ಕೂ ಮೊದಲೇ, 1818ರಲ್ಲಿ, ಬ್ರಿಟನ್ನಿನ ನಾವಿಕ ಜಾನ್ ರಾಸ್ ಗ್ರೀನ್‌ಲೆಂಡಿನ ವಾಯವ್ಯ ಕರಾವಳಿಯಲ್ಲಿ ಕೆಂಪು ಹಿಮವನ್ನು ಕಂಡು ಮಾದರಿ ತಂದಿದ್ದ. ಉಲ್ಕೆಯ ಕಬ್ಬಿಣದ ತುಕ್ಕು ಎಂದು ಲಂಡನ್ನಿನಲ್ಲಿ ಕೆಲವರು ತೀರ್ಮಾನಿಸಿಬಿಟ್ಟಿದ್ದರು. ಅದೂ ಪಾಚಿಯೇ. ಹಿಮ ಕಂಡ ಕಡೆಯೆಲ್ಲ ಮೇಲಿನಿಂದ ಬಿದ್ದದ್ದನ್ನು ಹುಡುಕುವ ಚಟ ಆಗಿನವರಿಗೆ ಇತ್ತೋ ಏನೋ. ಹಿಮದಲ್ಲಿಯೇ ಹುಟ್ಟಿ ಬೆಳೆಯುವುದು ಇರಬಹುದು ಎಂದು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು.

ಹಿಮಾಲಯದ ಕಥೆ ಶುರುವಾದದ್ದು ಹುಳುವಿನಿಂದ. ಜಪಾನಿನ ಶಿರೋ ಕೊಷಿಮಾ 1984ರಲ್ಲಿ ನೇಪಾಳದ ಲಾಂಗ್‌ಟಾಂಗ್ ಪ್ರದೇಶದ ಯಾಲಾ ಹಿಮನದಿಯ ಮೇಲೆ ಹಾರಲಾರದ, ನುಸಿಯ ಜಾತಿಯ ಒಂದು ಕೀಟವನ್ನು ವರದಿ ಮಾಡಿದರು. ಸೊನ್ನೆಗಿಂತ 16 ಡಿಗ್ರಿ ಕೆಳಗೂ ಅದು ನಡೆದಾಡುತ್ತಿತ್ತು. ಕೀಟ ಇದ್ದ ಮೇಲೆ ಅದಕ್ಕೆ ಊಟ ಇರಬೇಕು. ಹುಡುಕಿದರೆ ಸಿಕ್ಕಿದ್ದು ಪಾಚಿ ಮತ್ತು ಬ್ಯಾಕ್ಟೀರಿಯಾ. ಆಮೇಲೆ ನೋಜೊಮು ತಾಕೆಉಚಿ ಮೊದಲಾದವರು ಹಿಮಾಲಯ ಮತ್ತು ಮಧ್ಯ ಏಷ್ಯಾದ ಹಿಮನದಿಗಳಲ್ಲಿ ಈ ಕಪ್ಪು ಹರಳುಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿಟ್ಟರು. ಹೊರಮೈ ತುಂಬ ದಾರದೆಳೆಯಂಥ ಸೈಯನೋಬ್ಯಾಕ್ಟೀರಿಯಾ. ಗಾಳಿಯಲ್ಲಿ ಬಂದ ಧೂಳಿನ ಕಣಗಳನ್ನು ಆ ಎಳೆಗಳೇ ಹಿಡಿದು, ಸುತ್ತಿ, ಉಂಡೆ ಕಟ್ಟಿದ್ದವು. ಒಳಗೆ ಪದರದ ಮೇಲೆ ಪದರ.

ಈ ಉಂಡೆ ಕಟ್ಟುವ ಕೆಲಸದಲ್ಲೇ ಇಡೀ ವಿಷಯದ ಗುಟ್ಟಿದೆ. ಬರಿಯ ಧೂಳು ಹಿಮದ ಮೇಲೆ ಬಿದ್ದರೆ ಕರಗಿದ ನೀರು ಅದರ ಬಹುಪಾಲನ್ನು ತೊಳೆದುಕೊಂಡು ಹೋಗಿಬಿಡುತ್ತದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಆಸುಪಾಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1985ರಲ್ಲಿ ಮೊದಲ ಘಟಕ ಶುರುವಾದಾಗಿನಿಂದ ಮಾಳಿಗೆಯ ಮೇಲೆ ಬೂದಿ ಕೂರುವುದನ್ನೂ, ಒಂದು ದೊಡ್ಡ ಮಳೆಗೆ ಅದು ಕೊಚ್ಚಿ ಹೋಗುವುದನ್ನೂ ಅವರು ನೋಡುತ್ತಲೇ ಬಂದಿದ್ದಾರೆ. ಹಿಮನದಿಯ ಮೇಲೆ ಹಾಗಾಗುವುದಿಲ್ಲ. ಜೀವಿಗಳು ಧೂಳನ್ನು ಬಿಗಿದು ಹಿಡಿಯುತ್ತವೆ, ಮಸಿಯನ್ನೂ ಬಿಡುವುದಿಲ್ಲ. 1986ರ ಚೆರ್ನೋಬಿಲ್ ದುರಂತದ ವಿಕಿರಣಶೀಲ ಸೀಸಿಯಂ ಕೂಡ ಆಲ್ಪ್ಸ್‌ನ ಕ್ರಯೊಕೊನೈಟ್‌ನಲ್ಲಿ ಕೂಡಿಕೊಂಡು ಕೂತಿದೆ. ಕಪ್ಪಾದದ್ದು ಬಿಸಿಲನ್ನು ಹೀರುತ್ತದೆ, ಬಿಸಿಯಾಗುತ್ತದೆ, ಕೆಳಗಿನ ಮಂಜುಗಡ್ಡೆ ಕರಗುತ್ತದೆ, ಉಂಡೆ ಕೆಳಗಿಳಿಯುತ್ತದೆ. ಇಳಿದಷ್ಟೂ ಬಿಸಿಲು ಕಡಿಮೆ. ಒಂದು ಆಳಕ್ಕೆ ಹೋಗಿ ಇಳಿಯುವ ವೇಗವೂ ಮೇಲಿನ ಹಿಮ ಕರಗುವ ವೇಗವೂ ಸಮವಾದಾಗ ಕುಳಿ ಅಲ್ಲಿಗೇ ನಿಲ್ಲುತ್ತದೆ. ಆ ಕುಳಿಯ ನೀರಿನ ತಾಪ ಸೊನ್ನೆಗಿಂತ ಕೂದಲೆಳೆಯಷ್ಟು ಮೇಲೆ. ಅಷ್ಟರಲ್ಲೇ ಬ್ಯಾಕ್ಟೀರಿಯಾ, ಪಾಚಿ, ಅವನ್ನು ತಿನ್ನುವ ಏಕಕೋಶ ಜೀವಿಗಳು, ರೋಟಿಫರ್, ಎಂಟು ಕಾಲಿನ ಸೂಕ್ಷ್ಮಪ್ರಾಣಿ ಟಾರ್ಡಿಗ್ರೇಡ್ ಎಲ್ಲವೂ ಸಂಸಾರ ಹೂಡಿವೆ.

ಹಿಮ ಕರಗುವುದು ಗಾಳಿಯ ಸೆಕೆಯಿಂದ ಎಂದು ನಾವು ಅಂದುಕೊಳ್ಳುತ್ತೇವೆ. ಬಹಳಷ್ಟು ಹಿಮನದಿಗಳಲ್ಲಿ, ಎತ್ತರದ ಹಿಮಾಲಯದಲ್ಲಂತೂ, ಕರಗಿಸುವ ಶಕ್ತಿಯ ದೊಡ್ಡ ಪಾಲು ನೇರ ಬಿಸಿಲಿನದು. ಒಂದು ಕಿಲೋ ಮಂಜುಗಡ್ಡೆಯನ್ನು ನೀರಾಗಿಸಲು ಬೇಕಾಗುವ ಶಾಖದಲ್ಲಿ ಒಂದು ಕಿಲೋ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಸುಲಭಕ್ಕೆ ಕರಗುವ ವಸ್ತುವಲ್ಲ ಅದು. ಅದರ ರಕ್ಷಣೆ ಇರುವುದು ಬಿಳುಪಿನಲ್ಲಿ. ಹೊಸ ಹಿಮ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ರಿಂದ 90ರಷ್ಟನ್ನು ವಾಪಸು ಕಳಿಸುತ್ತದೆ. ಮೇಲಿನ ಹಿಮ ಹೋಗಿ ಗಡ್ಡೆ ಬಯಲಾದರೆ ಅರ್ಧದ ಆಸುಪಾಸು. ಪಾಚಿ ಹಿಡಿದು ಕಪ್ಪಾದರೆ ಮೂರನೇ ಒಂದು ಪಾಲೂ ಕಷ್ಟ. ಉಳಿದದ್ದರ ಬಹುಪಾಲು ಕರಗಿಸುವುದಕ್ಕೇ ಹೋಗುತ್ತದೆ.

ಗ್ರೀನ್‌ಲೆಂಡಿನ ನೈಋತ್ಯ ಅಂಚಿನಲ್ಲಿ ಬೇಸಿಗೆ ಬಂದರೆ ನೂರಾರು ಕಿಲೋಮೀಟರ್ ಉದ್ದದ ಕಪ್ಪು ಪಟ್ಟೆ ಉಪಗ್ರಹದ ಚಿತ್ರಗಳಲ್ಲಿ ಕಾಣುತ್ತದೆ. ಬರ್ಗ್‌ಗ್ರೆನ್ ನೋಡಿದ ಪಾಚಿಯ ಕುಟುಂಬವೇ ಅಲ್ಲಿ ಮುಖ್ಯ ನಿವಾಸಿ. ಇದರ ಬಣ್ಣ ಸೈಟೊನೆಮಿನ್‌ನದಲ್ಲ. ಪರ್ಪ್ಯುರೊಗ್ಯಾಲಿನ್ ಎಂಬ ನೇರಳೆಗಂದು ವಸ್ತುವನ್ನು ಅದು ಕೋಶದೊಳಗೆ ತುಂಬಿಕೊಂಡಿರುತ್ತದೆ. ನಮ್ಮ ಹೋಟೆಲ್ ಚಹಾಕ್ಕೆ ಕೆಂಪು ಕೊಡುವ ಥಿಯಾಫ್ಲೇವಿನ್‌ಗಳ ಒಳರಚನೆಯಲ್ಲಿರುವ ಉಂಗುರವೇ ಇದರಲ್ಲೂ ಇದೆ. ಕೆಲಸ ಮಾತ್ರ ಬಂಡೆಯ ಮೇಲಿನ ಕೊಡೆಯ ಕೆಲಸವೇ. ಹೆಚ್ಚಿನ ಬಿಸಿಲನ್ನು ತಡೆಯುವುದು, ತಡೆದ ಬಿಸಿಲಿನ ಶಾಖದಿಂದ ಸುತ್ತಲಿನ ಗಡ್ಡೆಯನ್ನು ಒಂದಿಷ್ಟು ನೀರು ಮಾಡಿಕೊಳ್ಳುವುದು. ಪಾಚಿಗೆ ಬೇಕಾದದ್ದು ಅಷ್ಟೇ ನೀರು. ಆದರೆ ಕೋಟಿಗಟ್ಟಲೆ ಕೋಶಗಳು ಒಟ್ಟಾಗಿ ಅದನ್ನೇ ಮಾಡಿದರೆ ಲೆಕ್ಕ ಬೇರೆ ಆಗುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 2017ರ ಬೇಸಿಗೆಯಲ್ಲಿ ನೈಋತ್ಯ ಗ್ರೀನ್‌ಲೆಂಡಿನಿಂದ ಹರಿದ ನೀರಿನಲ್ಲಿ ನೂರಕ್ಕೆ 10ರಿಂದ 13ರಷ್ಟು ಈ ಪಾಚಿಯ ಲೆಕ್ಕಕ್ಕೆ ಸೇರುತ್ತದೆ. ತೂಕದಲ್ಲಿ 440ರಿಂದ 600 ಕೋಟಿ ಟನ್. ನಮಗೆ ತಿಳಿಯುವ ಅಳತೆಯಲ್ಲಿ ಅದು 155ರಿಂದ 212 ಟಿಎಂಸಿ. ಹೂಳು ತುಂಬಿ 133ರಿಂದ 105 ಟಿಎಂಸಿಗೆ ಇಳಿದಿರುವ ತುಂಗಭದ್ರಾ ಜಲಾಶಯವನ್ನು ಒಂದೂವರೆ ಸಲದಿಂದ ಎರಡು ಸಲ ತುಂಬಿಸುವಷ್ಟು. ಒಂದೇ ಬೇಸಿಗೆಯಲ್ಲಿ, ಕಣ್ಣಿಗೆ ಕಾಣದ ಜೀವಿಯಿಂದ.

ಇಲ್ಲಿಯೇ ಬಂಡೆಗೂ ಹಿಮಕ್ಕೂ ದಾರಿ ಬೇರೆಯಾಗುವುದು. ದೇವದುರ್ಗದ ಬಂಡೆ 250 ಕೋಟಿ ವರ್ಷದ ಹಳೆಯ ಶಿಲೆ. ಅದರ ಮೇಲೆ ಎಷ್ಟು ಕಪ್ಪು ಹಿಡಿದರೂ ಅದು ಕರಗುವುದಿಲ್ಲ, ಜಗ್ಗುವುದಿಲ್ಲ, ಹೆಚ್ಚೆಂದರೆ ತಲೆಮಾರುಗಳಲ್ಲಿ ಒಂದು ಕೂದಲಿನಷ್ಟು ಸವೆದೀತು. ಹಿಮದ ಮೇಲೆ ಕೂತದ್ದು ತನ್ನ ರಕ್ಷಣೆಗೆಂದು ಮಾಡಿಕೊಂಡ ಬಣ್ಣದಿಂದಲೇ ತಾನು ಕೂತ ನೆಲವನ್ನು ನೀರು ಮಾಡುತ್ತದೆ. ಪಾಚಿಯನ್ನು ದೂರುವುದು ನ್ಯಾಯವಲ್ಲ. ಅದು ಗ್ರೀನ್‌ಲೆಂಡಿನಲ್ಲಿ ಹೊಸದಾಗಿ ಬಂದದ್ದೂ ಅಲ್ಲ, 1870ರಲ್ಲೂ ಇತ್ತು. ಬದಲಾದದ್ದು ಮೇಲಿನ ಬಿಳಿ ಹಿಮ ಬೇಗ ಕರಗಿ, ಗಡ್ಡೆ ಹೆಚ್ಚು ದಿನ ಬಯಲಿಗೆ ಬೀಳುತ್ತಿರುವುದು. ಹಾಗಾಗಿ ಪಾಚಿಗೆ ಬೆಳೆಯುವ ಹಂಗಾಮು ಉದ್ದವಾಗಿದೆ. ಬಿಸಿ ಹೆಚ್ಚಿಸಿದವರು ನಾವು, ಅದರ ಲಾಭ ಪಡೆದದ್ದು ಪಾಚಿ.

ಇಂಥ ಬರಹಗಳಲ್ಲಿ ಈ ಹಂತಕ್ಕೆ ಬಂದಾಗ ಓದುಗರನ್ನು ಹೆದರಿಸುವ ಒಂದು ರೂಢಿ ಇದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುತ್ತದೆ, ತುಂಗೆ-ಭದ್ರೆಯರು ಗಂಗಾಮೂಲದಲ್ಲಿ. ಮೂರೂ ಸಹ್ಯಾದ್ರಿಯ ಮಳೆಯ ಮಕ್ಕಳು. ಹಿಮಾಲಯದ ಹಿಮವೆಲ್ಲ ಕರಗಿದರೂ ದೇವದುರ್ಗಕ್ಕೆ ನೀರು ತರುವ ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ ಒಂದು ಬೊಗಸೆ ಹೆಚ್ಚುಕಡಿಮೆ ಆಗುವುದಿಲ್ಲ. ಗ್ರೀನ್‌ಲೆಂಡಿನ ಹಿಮ ಪೂರ್ತಿ ಕರಗಿದರೆ ಸಮುದ್ರ ಏಳು ಮೀಟರ್ ಏರುತ್ತದೆ ಎನ್ನುವುದು ನಿಜ. ಅದಕ್ಕೆ ನೂರಾರು, ಸಾವಿರಾರು ವರ್ಷ ಹಿಡಿಯುತ್ತದೆ ಎನ್ನುವುದೂ ನಿಜ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲಿದೆ. ಚಿಂತೆ ಮಾಡಬೇಕಾದವರು ಕಾರವಾರ, ಮಂಗಳೂರಿನವರು. ಸಿಂಧೂ ಮತ್ತು ಅದರ ಉಪನದಿಗಳನ್ನು ನೆಚ್ಚಿದವರಿಗೆ ಹಿಮಾಲಯದ ಹಿಮ ಕರಗುವುದು ನೇರ ಬದುಕಿನ ಪ್ರಶ್ನೆ. ಅದಕ್ಕೇ ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ 2016ರಲ್ಲಿ ಹಿಮಾಚಲ ಪ್ರದೇಶದ ಸ್ಪಿತಿಯಲ್ಲಿ, 4,000 ಮೀಟರಿಗೂ ಎತ್ತರದಲ್ಲಿ, ಹಿಮಾಂಶ್ ಎಂಬ ಠಾಣೆ ತೆರೆಯಿತು. ಚಂದ್ರಾ ಕಣಿವೆಯ ಸುತ್ರಿ ಢಾಕಾ ಮೊದಲಾದ ಹಿಮನದಿಗಳ ಅಳತೆ ಅಲ್ಲಿಂದ ನಡೆಯುತ್ತದೆ. ಉತ್ತರಧ್ರುವದ ಹತ್ತಿರದ ಸ್ವಾಲ್‌ಬಾರ್ಡ್‌ನಲ್ಲಿ 2008ರಿಂದ ಇರುವ ಹಿಮಾದ್ರಿ ಠಾಣೆಯ ಸುತ್ತಲಿನ ಹಿಮನದಿಗಳಲ್ಲಿ ನಮ್ಮವರೇ ಕ್ರಯೊಕೊನೈಟ್ ತೆಗೆದು ಅದರಲ್ಲಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ಬೆಳೆಸಿ ನೋಡಿದ್ದಾರೆ.

ಅಂದಹಾಗೆ ದಖ್ಖನ್ನಿಗೆ ಹಿಮ ಪೂರ್ತಿ ಅಪರಿಚಿತವೂ ಅಲ್ಲ. ಸುಮಾರು 30 ಕೋಟಿ ವರ್ಷದ ಹಿಂದೆ ಈ ನೆಲ ದಕ್ಷಿಣ ಧ್ರುವದ ಕಡೆಗಿದ್ದಾಗ ಹಿಮನದಿಗಳು ಇಲ್ಲಿ ಹರಿದಿದ್ದವು. ಒಡಿಶಾದ ತಾಲ್ಚೇರಿನ ಉಂಡೆಗಲ್ಲುಗಳ ಪದರ ಹಿಮದ ಕೆಲಸ ಎಂದು ಭೂವಿಜ್ಞಾನಿಗಳು 1856ರಲ್ಲೇ ಹೇಳಿದರು. ಮಹಾರಾಷ್ಟ್ರದ ಚಂದ್ರಾಪುರ ಸೀಮೆಯ ಇರಯಿಯಲ್ಲಿ ಹಿಮ ಉಜ್ಜಿ ಗೀರಿದ ಸುಣ್ಣಕಲ್ಲಿನ ಹಾಸು ಕಂಡುಬಂದಿದೆ.

ಈ ಜೀವಿಗಳ ಜೊತೆ ನಮಗೆ ನೇರ ಸಂಬಂಧ ಇರುವುದು ಮಾನ್ವಿಯ ಕಡೆಯ ಭತ್ತದ ಗದ್ದೆಗಳಲ್ಲಿ. ಹಿಮದ ಮೇಲಿನ ಜೀವಿಗಳಿಗೆ ದೊಡ್ಡ ಕೊರತೆ ಗೊಬ್ಬರದ್ದು. ರಂಜಕ ಗಾಳಿಯ ಧೂಳಿನಿಂದ, ಅಂದರೆ ಎಲ್ಲೋ ಸವೆದ ಕಲ್ಲಿನ ಪುಡಿಯಿಂದ, ಬರಬೇಕು. ಗ್ರೀನ್‌ಲೆಂಡಿನ ಪಾಚಿ ಹಾಗೆಯೇ ಬೆಳೆಯುತ್ತದೆ ಎಂದು 2021ರಲ್ಲಿ ತೋರಿಸಿದ್ದಾರೆ. ಸಾರಜನಕವನ್ನು ಕ್ರಯೊಕೊನೈಟ್‌ನ ಕೆಲವು ಸೈಯನೋಬ್ಯಾಕ್ಟೀರಿಯಾಗಳು ಗಾಳಿಯಿಂದಲೇ ಹಿಡಿದುಕೊಳ್ಳುತ್ತವೆ. ಈ ವಿದ್ಯೆಯನ್ನು ಭತ್ತದ ಗದ್ದೆಯಲ್ಲಿ ಗುರುತಿಸಿದವರು ಬಂಗಾಳದ ವಿಜ್ಞಾನಿ ಪಿ. ಕೆ. ಡೇ, 1939ರಲ್ಲಿ. ಗೊಬ್ಬರ ಹಾಕದೆಯೂ ಗದ್ದೆಗಳು ವರ್ಷವರ್ಷ ಅಷ್ಟಿಷ್ಟು ಬೆಳೆ ಹೇಗೆ ಕೊಡುತ್ತವೆ ಎಂಬ ಹಳೆಯ ಒಗಟಿಗೆ ಅವರು ಕೊಟ್ಟ ಉತ್ತರ ನೀಲಿ-ಹಸಿರು ಪಾಚಿ. ಒಂದು ಹಂಗಾಮಿಗೆ ಹೆಕ್ಟೇರಿಗೆ 20ರಿಂದ 30 ಕಿಲೋ ಸಾರಜನಕ ಎಂದು ಕೃಷಿ ಪಠ್ಯಗಳು ಬರೆಯುತ್ತವೆ. ಯೂರಿಯಾ ಚೀಲದ ಲೆಕ್ಕದಲ್ಲಿ ಒಂದು ಚೀಲ ಅಥವಾ ಅದಕ್ಕೆ ತುಸು ಮೇಲೆ. ಪೂರ್ತಿ ಬೆಳೆಗೆ ಸಾಲದು, ಆದರೆ ಪುಕ್ಕಟೆ. 1950ರಲ್ಲಿ ಬನಾರಸ್‌ನ ಆರ್. ಎನ್. ಸಿಂಗ್ ಉತ್ತರ ಪ್ರದೇಶದ ಕ್ಷಾರ ಕಟ್ಟಿದ ಬೀಳುನೆಲದಲ್ಲಿ ನೀರು ನಿಲ್ಲಿಸಿ ಇದೇ ಪಾಚಿ ಬೆಳೆಸಿ ನೆಲ ಸುಧಾರಿಸುವ ದಾರಿ ತೋರಿಸಿದರು. ತುಂಗಭದ್ರಾ ಎಡದಂಡೆಯಲ್ಲಿ ಸವಳು-ಜವಳು ಹಿಡಿದು ಬಿಳಿ ಉಪ್ಪು ಮೇಲೆದ್ದ ಹೊಲಗಳನ್ನು ನೋಡಿದವರಿಗೆ ಆ ಹಳೆಯ ಪ್ರಯೋಗ ಓದಿದರೆ ಆಸೆ ಹುಟ್ಟುವುದು ಸಹಜ. ಬಸಿಗಾಲುವೆ ಇಲ್ಲದೆ ಪಾಚಿಯೊಂದೇ ಏನೂ ಮಾಡಲಾರದು ಎನ್ನುವುದನ್ನೂ ಕೂಡಲೇ ಹೇಳಬೇಕು.

ಮಾನ್ವಿಯ ಗದ್ದೆಯಲ್ಲಿ, ಕಾಲುವೆಯ ಕೊನೆಭಾಗಕ್ಕೆ ನೀರು ತಲುಪಿದ ವರ್ಷ, ನಾಟಿಯಾದ ಕೆಲವು ವಾರಕ್ಕೆ ಮಡಿಯ ನೀರಿನ ಮೇಲೆ ಪಾಚಿ ಏಳುತ್ತದೆ. ರೈತರಿಗೆ ಅದು ಕಿರಿಕಿರಿ. ಎಳೆಯ ಸಸಿಯನ್ನು ಮೇಲೆತ್ತುತ್ತದೆ, ತೆಂಡೆ ಒಡೆಯಲು ಬಿಡುವುದಿಲ್ಲ ಎನ್ನುವುದು ಅವರ ದೂರು. ಮೈಲುತುತ್ತವನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ನೀರು ಬರುವ ಬಾಯಿಗೆ ಇಡುವುದು ಇದಕ್ಕೆ ಮಾಡುವ ಹಳೆಯ ಉಪಾಯ. ದೂರು ಸುಳ್ಳಲ್ಲ, ಆದರೆ ಮೇಲೆದ್ದದ್ದೆಲ್ಲ ಒಂದೇ ಜಾತಿಯದಲ್ಲ. ಕೈಗೆ ತೆಗೆದುಕೊಂಡರೆ ಹಸಿರು ಕೂದಲಿನಂತೆ ಎಳೆಯೆಳೆಯಾಗಿ ಬರುವುದು ಮಾಮೂಲಿ ಹಸಿರು ಪಾಚಿ. ಅದು ಗಾಳಿಯ ಸಾರಜನಕ ಹಿಡಿಯುವುದಿಲ್ಲ, ಹಾಕಿದ ಯೂರಿಯಾದಲ್ಲೇ ಪಾಲು ಕೇಳುತ್ತದೆ. ಕಡುನೀಲಿ ಅಥವಾ ಕಂದುಹಸಿರಾಗಿ ಲೋಳೆಯಂತೆ ಬೆರಳಿಗೆ ಅಂಟುವುದು ಬಹುಪಾಲು ಸೈಯನೋಬ್ಯಾಕ್ಟೀರಿಯಾ. ಮೈಲುತುತ್ತಕ್ಕೆ ಎರಡರ ನಡುವೆ ಭೇದ ಗೊತ್ತಿಲ್ಲ, ಎರಡನ್ನೂ ಕೊಲ್ಲುತ್ತದೆ. ನೀರಿಗೆ ಯೂರಿಯಾ ಹೆಚ್ಚಾದಷ್ಟೂ ಸಾರಜನಕ ಹಿಡಿಯುವ ಪಾಚಿಯೂ ಆ ಕೆಲಸ ಬಿಟ್ಟು, ಸಿಕ್ಕಿದ್ದನ್ನು ಉಂಡು ಕೂರುತ್ತದೆ. ಆದ್ದರಿಂದ ಗಂಟು ಕಟ್ಟುವ ಮೊದಲು ಒಂದು ಬಾಟಲಿಯಲ್ಲಿ ಆ ಪಾಚಿಯನ್ನು ಗದ್ದೆಯ ನೀರಿನ ಸಮೇತ ತುಂಬಿಕೊಂಡು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಒಯ್ದು ತೋರಿಸುವುದು ಒಳ್ಳೆಯದು. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಬಸ್ಸಿನ ಸೆಕೆಯಲ್ಲಿ ಅದು ಕೊಳೆತು ನಾರುತ್ತದೆ.